ತಂಗಿಯ ಮಗಳ ತರಗತಿ

ನಡಿಗೆಯ ದಾರಿಯನ್ನು ನಾನು ಸುಲಭದಲ್ಲಿ ಬದಲಾಯಿಸುವವನಲ್ಲ. ಬೆಳಗಿನ ತಿಂಡಿಯಾದ ಕೂಡಲೇ ಬೆಳುವಾಯಿಯ ನಮ್ಮ ಮನೆಯಿಂದ ಹೊರಟು, ಹಾಲಿನ ಸೊಸೈಟಿ ದಾಟಿ, ಪ್ರೌಢಶಾಲೆಯ ಗೇಟಿನವರೆಗೆ ಹೋಗುತ್ತಿದ್ದೆ. ಪ್ರಾರ್ಥನೆಯ ಗಂಟೆ ಬಾರಿಸುವ ಹೊತ್ತಿಗೆ ಗೇಟಿನ ಕಬ್ಬಿಣವನ್ನು ಒಮ್ಮೆ ಮುಟ್ಟಿ ಹಿಂದಿರುಗುತ್ತಿದ್ದೆ. ಆ ಶಾಲೆಯಲ್ಲಿ ಗಣಿತ ಕಲಿಸಿ, ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನು ನಾನು. ಮಳೆ ಬಂದರೆ ಕೊಡೆ, ಜ್ವರ ಬಂದರೆ ಮಫ್ಲರ್. ಕ್ರಮ ತಪ್ಪಿದ್ದಿಲ್ಲ. ಆದರೆ ಕಳೆದ ಜೂನಿನಲ್ಲಿ ಆ ದಾರಿ ಬಿಟ್ಟು ಗದ್ದೆಯ ಕಡೆಯ ದಾರಿ ಹಿಡಿದೆ. ಕಾರಣ, ಶಾಲೆಗೆ ಬಂದ ಹೊಸ ಗಣಿತ ಟೀಚರ್. ಅವಳು ತನ್ನ ಸ್ಕೂಟರನ್ನು ಗೇಟಿನ ಒಳಗೆ ಗೇರು ಮರದ ಅಡಿಯಲ್ಲಿ ನಿಲ್ಲಿಸುತ್ತಾಳೆ. ಎಂಟು ವರ್ಷ ಅದೇ ನೆರಳಿನಲ್ಲಿ ನನ್ನ ತಂಗಿಯ ಮಗಳ ಸ್ಕೂಟರ್ ನಿಲ್ಲುತ್ತಿತ್ತು.

ಇದು ಹೊಟ್ಟೆಕಿಚ್ಚು. ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ. ಇದನ್ನೇ 'ಪ್ರತಿಭೆಗೆ ಅನ್ಯಾಯ' ಎಂದು ಮೈಕಿನಲ್ಲಿ ಹೇಳುವವರನ್ನು ಕೇಳಿದ್ದೇನೆ, ನಾನೂ ಹೇಳಿದ್ದೇನೆ. ಆದರೆ ಪ್ರತಿಭೆಯ ಬಗ್ಗೆ ಯೋಚಿಸಿ ಯಾರೂ ನಡಿಗೆಯ ದಾರಿ ಬದಲಾಯಿಸುವುದಿಲ್ಲ.

ನಮ್ಮದು ಅಳಿಯಕಟ್ಟಿನ ಮನೆತನ. ಕಾನೂನು ಏನೇ ಹೇಳಲಿ, ತಂಗಿಯ ಮಕ್ಕಳ ಜವಾಬ್ದಾರಿ ಸೋದರಮಾವನದು ಎಂಬುದು ನಮ್ಮ ಲೆಕ್ಕ. ನನ್ನ ಹೆಂಡತಿ ಹೋದ ಮೇಲೆ, ಗಂಡನನ್ನು ಕಳೆದುಕೊಂಡಿದ್ದ ತಂಗಿಯೂ ಅವಳ ಮಗಳೂ ನನ್ನ ಮನೆಗೇ ಬಂದರು. ಹುಡುಗಿ ಗಣಿತದಲ್ಲಿ ಬಿ.ಎಡ್. ಮಾಡಿದ್ದಳು. ನಾನು ನಿವೃತ್ತನಾದ ಮೇಲೆ ಶಾಲೆಯಲ್ಲಿ ಗಣಿತದ ಜಾಗ ಖಾಲಿಯಿತ್ತು. ಅದು ಅನುದಾನಿತ ಹುದ್ದೆ. ಸರ್ಕಾರದ ಅನುಮತಿ ಬರುವವರೆಗೆ ಖಾಯಂ ನೇಮಕ ಮಾಡುವ ಹಾಗಿಲ್ಲ. ಆಡಳಿತ ಮಂಡಳಿ ಕೊಡುವ ಗೌರವಧನಕ್ಕೆ ಅವಳು ಸೇರಿದಳು. ಅನುಮತಿ ಬಂದ ದಿನ ಆ ಹುದ್ದೆ ಅವಳದೇ ಎಂದು ಎಲ್ಲರೂ ಹೇಳಿದರು. ಬರೆದು ಕೊಟ್ಟವರಿಲ್ಲ. ನಮ್ಮಲ್ಲಿ ಬರೆದು ಕೊಡುವ ಪದ್ಧತಿಯೂ ಇರಲಿಲ್ಲ.

ಅನುಮತಿ ಬಂದ ವಾರ ಶಾಲೆಯ ಸಂಚಾಲಕರು ನಮ್ಮ ಜಗಲಿಗೆ ಬಂದರು. ಕುಳಿತವರು ಕಾಫಿಯನ್ನು ಮುಟ್ಟಲಿಲ್ಲ.

"ಅನುಮತಿ ಸಿಕ್ಕಿತು ಮಾಸ್ಟ್ರೆ. ಆದ್ರೆ ಮೀಸಲಾತಿಯ ರೋಸ್ಟರಿನಲ್ಲಿ ಈ ಹುದ್ದೆಗೆ ಬಿದ್ದದ್ದು ಎಸ್‌ಸಿ ಪಾಯಿಂಟು."

ನಾನು ಮಾತಾಡುವ ಮೊದಲೇ ಬಾಗಿಲಲ್ಲಿ ನಿಂತಿದ್ದ ತಂಗಿ ಕೇಳಿದಳು. "ಹಾಗಾದ್ರೆ ನನ್ನ ಮಗಳು ಎಂಟು ವರ್ಷ ಕಲಿಸಿದ್ದು ಯಾವ ಪಾಯಿಂಟಿಗೆ?"

"ಅದಕ್ಕೇ ಬಂದದ್ದು ಅಕ್ಕ. ದಾರಿ ಉಂಟು." ಸಂಚಾಲಕರು ನನ್ನ ಕಡೆ ತಿರುಗಿದರು. "ಬಂದವರ ಪಾಠ ನೋಡ್ಲಿಕ್ಕೆ ವಿಷಯತಜ್ಞರು ಅಂತ ನೀವು ಬರ್ಬೇಕು. ಯೋಗ್ಯರು ಸಿಗ್ಲಿಲ್ಲ ಅಂತ ಆದ್ರೆ ಹುದ್ದೆ ಖಾಲಿ ಇರ್ತದೆ. ಇವಳು ಹೀಗೇ ಮುಂದುವರಿಲಿ. ಮತ್ತೆ ಮುಂದಿನ ವರ್ಷ ನೋಡುವ."

"ನಾನು ಇವಳ ಮಾವ. ನಾನು ಕೂತರೆ ಸರಿಯಾ?"

"ನಮ್ಮ ಕಮಿಟಿಯಲ್ಲಿ ಯಾರು ಯಾರಿಗೆ ಮಾವ ಅಲ್ಲ, ಹೇಳಿ? ನೀವು ಸುಳ್ಳು ಬರೆಯುವುದೇ ಬೇಡ ಮಾರಾಯ್ರೆ. ಯಾವಾಗಲೂ ನೋಡುವ ಹಾಗೆ ನೋಡಿದ್ರೆ ಸಾಕು. ನಿಮ್ಮ ಕೈಯಲ್ಲಿ ಪಾಸಾದವರು ಯಾರುಂಟು?"

ಅದು ನನಗೆ ಹೊಗಳಿಕೆಯಾಗಿಯೇ ಕೇಳಿಸಿತು. ಒಪ್ಪಿದೆ. ಒಳಗಿನ ಕೋಣೆಯಲ್ಲಿ ಹುಡುಗಿ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಎಲ್ಲ ಕೇಳಿಸಿರಬೇಕು. ಹೊರಗೆ ಬರಲಿಲ್ಲ.

ಸಂದರ್ಶನದ ದಿನ ಕರೆದವರಲ್ಲಿ ಬಂದವಳು ಒಬ್ಬಳೇ. ಮುಂಡಾಜೆಯ ಕಡೆಯವಳು. ಗುರುವಾಯನಕೆರೆಯಲ್ಲಿ ಬಸ್ಸು ಬದಲಾಯಿಸಿ ಬಂದಿದ್ದಳು, ಆದರೂ ಹೇಳಿದ ಹೊತ್ತಿಗಿಂತ ಮೊದಲೇ ವರಾಂಡದಲ್ಲಿ ಕುಳಿತಿದ್ದಳು. ತಡವಾಗಿ ಬರಲಿ ಎಂದು ನಾನು ಮನಸ್ಸಿನಲ್ಲಿ ಬಯಸಿದ್ದೆ. ತಡವಾಗಿ ಬಂದವರನ್ನು ಒಳಗೆ ಬಿಡುವ ಕ್ರಮ ನನ್ನಲ್ಲಿಲ್ಲ.

ಸಂಚಾಲಕರು ಅವಳ ಅಂಕಪಟ್ಟಿ ಮಗುಚಿ ಹಾಕುತ್ತ, "ನಿಮ್ಮದು ರಿಸರ್ವೇಶನ್ ಅಲ್ವಾ?" ಎಂದು ಕೇಳಿದರು.

"ಹೌದು ಸರ್. ನೀವು ಅರ್ಜಿ ಕರೆದದ್ದೇ ಆ ಕೆಟಗರಿಯಲ್ಲಿ ಅಲ್ವಾ?" ಎಂದಳು. ದನಿಯಲ್ಲಿ ಉದ್ಧಟತನವಿರಲಿಲ್ಲ. ಹುಡುಕಿದೆ, ಸಿಗಲಿಲ್ಲ.

ಅವಳನ್ನು ತರಗತಿಗೆ ಕಳುಹಿಸಿದ ಮೇಲೆ ಸಂಚಾಲಕರು ಗೊಣಗಿದರು. "ಎಲ್ಲ ಅವರಿಗೇ ಆದ್ರೆ ನಮ್ಮ ಮಕ್ಕಳು ಎಲ್ಲಿಗೆ ಹೋಗುವುದು?"

ಈಗಿನ ಮುಖ್ಯ ಶಿಕ್ಷಕಿ ಫೈಲು ಕಟ್ಟುತ್ತ ಹೇಳಿದರು. "ಸಮಾಜ ವಿಜ್ಞಾನದ ಟೀಚರನ್ನು ನಮ್ಮ ಮೀಸಲಾತಿಯ ತ್ರೀ-ಬಿ ಪಾಯಿಂಟಿನಲ್ಲಿ ತಗೊಂಡಾಗ ನಿಮಗೆ ರೋಸ್ಟರ್ ಕಾಣ್ಲಿಲ್ಲವಾ ಸರ್? ಅವತ್ತು ಪಾಯಸ ಮಾಡಿಸಿದ್ದು ನೀವೇ."

ಸಂಚಾಲಕರು ನಕ್ಕರು. ನಮ್ಮವರು ಹೀಗೆ ನಗುತ್ತಾರೆ. ಮೀಸಲಾತಿ ಎಂಬ ಮಾತಿನಲ್ಲಿ ನಮ್ಮ ಮನೆಯ ಕಪಾಟಿನೊಳಗಿನ ಪ್ರಮಾಣಪತ್ರ ಸೇರುತ್ತದೆ ಎಂಬುದು ನಮಗೆ ನೆನಪಾಗುವುದು ಕಡಿಮೆ.

ಪಾಠ ಎಂಟನೇ ತರಗತಿಗೆ. ಋಣ ಸಂಖ್ಯೆಗಳಲ್ಲಿ ಯಾವುದು ದೊಡ್ಡದು, ಯಾವುದು ಚಿಕ್ಕದು ಎಂಬುದು ವಿಷಯ. ನಾನು ಹಿಂದಿನ ಬೆಂಚಿನ ಪಕ್ಕದಲ್ಲಿ ಕುರ್ಚಿ ಹಾಕಿಸಿ ಕುಳಿತೆ. ಪಾಠ ನೋಡುವಾಗ ನಾನು ಕಲಿಸುವವರ ಮುಖ ನೋಡುವುದಿಲ್ಲ, ಹಿಂದಿನ ಬೆಂಚಿನವರ ಮುಖ ನೋಡುತ್ತೇನೆ. ಅದು ನನ್ನ ಪದ್ಧತಿ.

ಅವಳ ಪಾಠ ಸಾಧಾರಣವಾಗಿತ್ತು. ಇದನ್ನು ಸ್ಪಷ್ಟವಾಗಿ ಹೇಳಬೇಕು. ಏಕೆಂದರೆ ಇಂಥ ಕಡೆ ಬಂದವಳು ಅದ್ಭುತವಾಗಿ ಕಲಿಸಿ ಎಲ್ಲರ ಬಾಯಿ ಮುಚ್ಚಿಸಿದಳು ಎಂದರೆ ಕೇಳುವವರಿಗೆ ಹಿತ. ಹಾಗೇನೂ ಆಗಲಿಲ್ಲ. ಬೋರ್ಡಿನ ಮೇಲೆ ಅವಳ ಅಕ್ಷರದ ಸಾಲು ಬಲಕ್ಕೆ ಹೋದ ಹಾಗೆ ಕೆಳಕ್ಕೆ ಇಳಿಯುತ್ತಿತ್ತು. ಗಂಟೆ ಬಾರಿಸುವ ಮೊದಲೇ ಪಾಠ ಮುಗಿದು, ಮುಂದೇನು ಮಾಡಬೇಕೆಂದು ತಿಳಿಯದೆ ಡಸ್ಟರನ್ನು ಕೈಯಿಂದ ಕೈಗೆ ಬದಲಾಯಿಸಿದಳು. ಹೊಸಬರೆಲ್ಲ ಮಾಡುವ ತಪ್ಪುಗಳು. ವಿಷಯ ತಪ್ಪಿರಲಿಲ್ಲ.

ನಡುವೆ ಒಂದು ಸಲ ಹಿಂದಿನ ಬೆಂಚಿನ ಹುಡುಗಿಯನ್ನು ಎಬ್ಬಿಸಿ, ಸೊನ್ನೆಗೆ ಹತ್ತಿರ ಇರುವುದು ಯಾವುದು ಎಂದು ಕೇಳಿದಳು. ಹುಡುಗಿಗೆ ಉತ್ತರ ಗೊತ್ತಿತ್ತು, ಅದು ಅವಳ ಬಾಯಿಯ ಅಂಚಿನಲ್ಲಿ ನಿಂತಿದ್ದು ನನಗೆ ಕಾಣುತ್ತಿತ್ತು. ಕನ್ನಡದ ವಾಕ್ಯ ಜೋಡಿಸಲಾಗದೆ ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. ಟೀಚರ್ ಅಲ್ಲಿಯವರೆಗೆ ನಡೆದು ಬಂದು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ಪೋಡ್ಯೊಡ್ಚಿ, ಪನ್ಲ" ಎಂದಳು. ಹೆದರಬೇಡ, ಹೇಳು ಎಂದು. ಹುಡುಗಿ ತುಳುವಿನಲ್ಲೇ ಉತ್ತರ ಹೇಳಿದಳು. ಆಮೇಲೆ ಇಬ್ಬರೂ ಸೇರಿ ಅದನ್ನು ಕನ್ನಡಕ್ಕೆ ತಂದರು.

ನನಗೆ ಮಾತ್ರ ಕೇಳಿಸಿತು ಎಂದುಕೊಂಡಿದ್ದೆ. ಕಿಟಕಿಯ ಹೊರಗೆ ನಿಂತಿದ್ದ ಸಂಚಾಲಕರಿಗೂ ಕೇಳಿಸಿತ್ತು.

"ಮುಗೀತಲ್ಲ," ಎಂದರು ಕಚೇರಿಗೆ ಬಂದ ಕೂಡಲೇ. ಮುಖ ಅರಳಿತ್ತು. "ತುಳು ಮಾತಾಡಿದ್ಲು. ನಿಮ್ಮದೇ ರೂಲ್ ಮಾಸ್ಟ್ರೆ, ಗೋಡೆಯಲ್ಲಿ ಈಗಲೂ ಉಂಟು. ತರಗತಿಯಲ್ಲಿ ಕನ್ನಡ ಮಾತ್ರ. ತುಳು ಬಂತು ಅಂತ, ಪಾಠ ತೋರಿಸ್ಲಿಕ್ಕೆ ಬಂದ ನನ್ನ ಭಾವನ ಮಗನನ್ನೇ ವಾಪಸು ಕಳಿಸಿಬಿಟ್ಟವರಲ್ವಾ ನೀವು? ಅವ ಇವತ್ತಿಗೂ ನನ್ನ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ. ಬರೀರಿ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮನೆಯಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ ಎಲ್ಲ ತುಳು. ಕನ್ನಡ ಬರಬೇಕಾದರೆ ಶಾಲೆಯಲ್ಲಿಯೇ ಬರಬೇಕು ಎಂದು ಆ ನಿಯಮ ಮಾಡಿದವನು ನಾನು. ಅದನ್ನು ಪೈಂಟಿನಲ್ಲಿ ಬರೆಸಿದವನೂ ನಾನು. ನನ್ನ ಕಾಲದಲ್ಲಿ ಪಾಠ ತೋರಿಸಲು ಬಂದು ಒಂದೇ ಒಂದು ಶಬ್ದ ತುಳು ಆಡಿದ ಯಾರಿಗೂ ಕೆಲಸ ಕೊಡಿಸಿದವನಲ್ಲ. ಪೆನ್ನು ತೆರೆದೆ.

ಆಗ ಗೇಟು ನೆನಪಾಯಿತು. ಎಂಟನೇ ತರಗತಿಯ ಕಿಟಕಿ ಗೇಟಿನ ಪಕ್ಕದಲ್ಲೇ, ರಸ್ತೆಯ ಕಡೆಗೆ ತೆರೆಯುತ್ತದೆ. ಒಂದೊಂದು ದಿನ ನಾನು ಗೇಟಿನ ಬಳಿ ಮೊದಲ ಪಿರಿಯಡ್ ಶುರುವಾಗುವವರೆಗೆ ನಿಲ್ಲುತ್ತಿದ್ದೆ, ನನ್ನ ಹುಡುಗಿಯ ದನಿ ಕೇಳಲಿಕ್ಕೆ. "ಪೋಡ್ಯೊಡ್ಚಿ, ಪನ್ಲ" ಎಂದು ಅವಳು ಎಷ್ಟೋ ಸಲ ಹೇಳಿದ್ದನ್ನು ಕೇಳಿದ್ದೇನೆ. ಅದೇ ಶಬ್ದ, ಅದೇ ಮೆಲುದನಿ. ಪರವಾಗಿಲ್ಲ, ಇವಳಿಗೆ ಮಕ್ಕಳ ಮನಸ್ಸು ಗೊತ್ತು ಎಂದುಕೊಂಡು ಗೇಟು ಮುಟ್ಟಿ ಮನೆಗೆ ಬಂದಿದ್ದೇನೆ. ನಿಯಮ ಆಗ ನೆನಪಾಗಿರಲಿಲ್ಲ.

"ಆ ರೂಲ್ ಈಗ ಇಲ್ಲ," ಎಂದೆ.

"ಯಾವಾಗಿಂದ?"

"ಎಂಟು ವರ್ಷದಿಂದ."

ಮುಖ್ಯ ಶಿಕ್ಷಕಿ ಫೈಲಿನ ಗಂಟನ್ನು ಮತ್ತೊಮ್ಮೆ ಬಿಗಿದರು. ನಾನು ಪಾಠಕ್ಕೆ ಸಾಧಾರಣ ಅಂಕ ಕೊಟ್ಟು, ಕೆಳಗೆ 'ಯೋಗ್ಯರು' ಎಂದು ಬರೆದು ಸಹಿ ಮಾಡಿದೆ. ಅದು ಉದಾರತೆಯಲ್ಲ. ನ್ಯಾಯದ ಮೇಲೆ ನನಗೆ ಹುಟ್ಟಿದ ಪ್ರೀತಿಯೂ ಅಲ್ಲ. ಒಂದೇ ಮಾತಿಗೆ ಎರಡು ಅಳತೆಗೋಲು ಇಡಲು ನನಗೆ ಬರುವುದಿಲ್ಲ, ಅಷ್ಟೇ. ಸಹಿ ಮಾಡಿದ ಆ ಗಳಿಗೆಯಿಂದಲೇ ಅವಳನ್ನು ಕಂಡರೆ ನನಗಾಗದು.

"ಮನೆಗೆ ಹೋಗಿ ಏನು ಹೇಳ್ತೀರಿ ಮಾಸ್ಟ್ರೆ?" ಎಂದರು ಸಂಚಾಲಕರು. ಆ ದಿನ ಅವರಾಡಿದ ಮಾತಿನಲ್ಲಿ ಮರುಕವಿದ್ದದ್ದು ಅದೊಂದರಲ್ಲೇ.

ಮನೆಯಲ್ಲಿ ಹೇಳಿದೆ. ಹುಡುಗಿ ಒಣಗಿದ ಬಟ್ಟೆ ತೆಗೆಯಲು ಅಂಗಳಕ್ಕೆ ಹೋದಳು. ಮಾತಾಡಿದ್ದು ತಂಗಿ.

"ನಿನಗೆ ಕೆಲಸ ಸಿಕ್ಕಿದ್ದು ಹೇಗೆ ಅಣ್ಣ? ಆಗಿನ ಸಂಚಾಲಕರು ಇದೇ ಜಗಲಿಯಲ್ಲಿ ಕೂತು ಕಾಫಿ ಕುಡಿದು, ನಾಳೆಯಿಂದ ಬಾ ಅಂದ್ರು. ಕಾಫಿ ತಂದು ಕೊಟ್ಟದ್ದು ನಾನು. ಅವತ್ತು ನಿನ್ನ ಪಾಠ ಯಾರು ನೋಡಿದ್ರು? ಯಾವ ರೋಸ್ಟರು? ನನ್ನ ಮಗಳ ಸರದಿ ಬಂದಾಗ ಮಾತ್ರ ನಿನಗೆ ನ್ಯಾಯ ಹತ್ತಿಕೊಂಡಿತಾ?"

ಅವಳು ಹೇಳಿದ್ದು ಮಗಳಿಗಾಗಿ. ಆದರೆ ಆ ಮಾತು ಎರಡೂ ಕಡೆ ಹರಿತ. ಆ ಶಾಲೆ ಶುರುವಾದಂದಿನಿಂದ ಅದರ ಬೆಂಚುಗಳ ಮೇಲೆ ಎಲ್ಲ ಕಾಲನಿಯ ಮಕ್ಕಳೂ ಕುಳಿತಿದ್ದಾರೆ. ಬೋರ್ಡಿನ ಮುಂದೆ ಮಾತ್ರ ನಾಲ್ಕಾರು ಮನೆತನದವರೇ ನಿಂತದ್ದು. ಯಾರನ್ನೂ ನಾವು ಬೇಡ ಎಂದಿರಲಿಲ್ಲ. ಕೆಲಸ ಖಾಲಿಯಿದೆ ಎಂಬುದೇ ಜಗಲಿಯಿಂದ ಕೆಳಗೆ ಇಳಿಯುತ್ತಿರಲಿಲ್ಲ. ಅದನ್ನು ನಾವು ಮೀಸಲಾತಿ ಎಂದು ಕರೆಯುತ್ತಿರಲಿಲ್ಲ. ಪರಿಚಯ ಎನ್ನುತ್ತಿದ್ದೆವು. ಇಷ್ಟೆಲ್ಲ ನನಗೆ ಗೊತ್ತಿದೆ. ಗೊತ್ತಿರುವುದರಿಂದ ಉರಿ ಕಡಿಮೆಯಾಗುವುದಿಲ್ಲ. ಹಳೆಯ ತಪ್ಪು ಸರಿಪಡಿಸಲು ಸರ್ಕಾರಕ್ಕೆ ನನ್ನ ಹುಡುಗಿಯ ಹುದ್ದೆಯೇ ಸಿಕ್ಕಬೇಕಿತ್ತೇ? ಕಾಫಿ ಕುಡಿದವನು ನಾನು, ಕೆಲಸ ಕಳೆದುಕೊಂಡವಳು ಅವಳು. ಇದಕ್ಕೆ ಯಾವ ರೋಸ್ಟರಿನಲ್ಲೂ ಉತ್ತರವಿಲ್ಲ.

ಜೂನಿನಲ್ಲಿ ಹುಡುಗಿ ತಾನೇ ಶಾಲೆಗೆ ಹೋಗಿ ಹೊಸ ಟೀಚರನ್ನು ಮಕ್ಕಳಿಗೆ ಪರಿಚಯಿಸಿ ಬಂದಳು. ಮರುವಾರ ಗುರುವಾಯನಕೆರೆಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿದಳು. ಬೆಳಿಗ್ಗೆ ಬೇಗ ಬಸ್ಸು, ಸಂಜೆ ತಡವಾಗಿ ಬಸ್ಸು, ಖಾಯಂ ಎಂಬ ಮಾತೇ ಇಲ್ಲ. ನಾನು ದಾರಿ ಬದಲಾಯಿಸಿದೆ.

ದಾರಿ ಬದಲಾಯಿಸಿದರೂ ಸುದ್ದಿ ತಪ್ಪುವುದಿಲ್ಲ. ಹೊಸ ಟೀಚರ್ ಮೂಡುಬಿದಿರೆಯಲ್ಲಿ ಬಾಡಿಗೆ ಮನೆ ಮಾಡಿದಳು. ಅವಳಿಗೆ ಇಲಾಖೆಯಿಂದ ಅನುಮೋದನೆ ಬಂತು. ಶಾಲಾ ವಾರ್ಷಿಕೋತ್ಸವದ ಲೆಕ್ಕಪತ್ರವನ್ನೆಲ್ಲ ಅವಳಿಗೇ ವಹಿಸಿದರು. ಅನುಮೋದನೆ ಎಂಬ ಶಬ್ದ ಕೇಳಿದ ದಿನ ನಾನು ಮಧ್ಯಾಹ್ನದ ಊಟವನ್ನು ಅರ್ಧಕ್ಕೆ ಬಿಟ್ಟೆ. ನನ್ನ ಕ್ರಮದಲ್ಲಿ ಅದು ಸಣ್ಣ ವಿಷಯವಲ್ಲ. ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿ, "ನನ್ನ ಮಗಳು ಎಂಟನೆಯಲ್ಲಿದ್ದಾಳೆ ಸರ್, ಹೊಸ ಟೀಚರ್ ಚಂದ ಕಲಿಸ್ತಾರಂತೆ" ಎಂದ.

"ಬೋರ್ಡಿನಲ್ಲಿ ಸಾಲು ಕೆಳಗೆ ಹೋಗ್ತದೆ," ಎಂದೆ.

"ಎಂತ ಸರ್?"

"ಏನಿಲ್ಲ. ನಿನ್ನ ಬಸ್ಸು ಬಂತು, ಹತ್ತು."

ಆ ಟೀಚರಿನ ಮನೆಯ ಕಷ್ಟದ ಸಂಗತಿ ಒಂದೆರಡು ಸಲ ಕಿವಿಗೆ ಬೀಳುವುದರಲ್ಲಿತ್ತು. ನಾನು ಎದ್ದು ಹೋದೆ. ಅಂಥದ್ದನ್ನೆಲ್ಲ ಕೇಳಿದರೆ ಹೊಟ್ಟೆಕಿಚ್ಚಿಗೆ ಜಾಗ ಸಾಲುವುದಿಲ್ಲ.

ಹೀಗಿರುವಾಗ ಸಂಜೆಯ ಫೋನುಗಳು ಶುರುವಾದವು. ಕಾಲು ತೊಳೆದು, ದೀಪ ಹಚ್ಚಿ, ಹುಡುಗಿ ಮೆಟ್ಟಿಲ ಮೇಲೆ ಕುಳಿತು ಯಾರೊಂದಿಗೋ ಮಾತಾಡಿ ನಗುತ್ತಿದ್ದಳು. ಮನೆಗೆ ನಗು ಮರಳಿ ಬಂತಲ್ಲ ಎಂದು ನನಗೂ ಹಿತವೆನಿಸಿತ್ತು. ಒಂದು ಸಂಜೆ ಕಿವಿಗೊಟ್ಟೆ. "ಆ ಮೂರನೇ ಬೆಂಚಿನವನನ್ನು ಬೋರ್ಡಿನ ಹತ್ತಿರ ಕೂರಿಸು, ಅವನಿಗೆ ಕಣ್ಣು ಸರಿ ಕಾಣುವುದಿಲ್ಲ. ಹೇಳ್ಲಿಕ್ಕೆ ನಾಚಿಕೆ ಅವನಿಗೆ," ಎನ್ನುತ್ತಿದ್ದಳು. ಆ ಕಡೆಯಿರುವುದು ಯಾರೆಂದು ತಿಳಿಯಿತು.

ಫೋನು ಇಡುವವರೆಗೆ ತಡೆದುಕೊಂಡೆ. ಆಮೇಲೆ ತಡೆಯಲಿಲ್ಲ. "ಅವಳಿಗೆ ಹುದ್ದೆ ಸಾಕಾಗ್ಲಿಲ್ಲವಾ? ನೀನು ಕಂಡುಕೊಂಡದ್ದೂ ಬೇಕಾ? ಪುಕ್ಕಟೆ ಕೊಡ್ತಾ ಇದ್ದಿಯಲ್ಲ, ನಿನಗೆ ಸ್ವಲ್ಪವಾದರೂ ಹೊಟ್ಟೆ ಉರಿಯುವುದಿಲ್ಲವಾ?"

"ಉರಿಯುತ್ತದೆ," ಎಂದಳು. "ಅವಳ ಸ್ಕೂಟರ್ ಆ ಮರದ ಅಡಿಯಲ್ಲಿ ಕಂಡ ದಿನ ಬಸ್ಸಿನಲ್ಲಿ ಮುಖ ಬೇರೆ ಕಡೆ ತಿರುಗಿಸಿ ಕೂತೆ. ಅವಳಿಗೂ ಹೇಳಿದ್ದೇನೆ ಅದನ್ನು. ಆದ್ರೆ ಮಾವ, ಹೋದದ್ದು ನನ್ನ ಕೆಲಸ. ಹೊಟ್ಟೆಕಿಚ್ಚು ಪಡುವುದಾದ್ರೆ ನಾನು ಪಡ್ತೇನೆ. ನನ್ನ ಪಾಲಿನದ್ದನ್ನೂ ನೀವೇ ತಗೊಂಡ್ರೆ ನನಗೆ ಏನು ಉಳಿಯುವುದು?"

ನಾನು ಒಳಗೆ ಹೋಗಲು ಎದ್ದೆ. ಅವಳು ಬಿಡಲಿಲ್ಲ.

"ನೀವು ಅವತ್ತು ಯೋಗ್ಯಳಲ್ಲ ಅಂತ ಬರೆದಿದ್ರೆ ನನಗೆ ಏನು ಸಿಗ್ತಿತ್ತು, ಹೇಳಿ? ಅದೇ ಗೌರವಧನದಲ್ಲಿ ಇನ್ನೊಂದು ವರ್ಷ. ಮತ್ತೆ ಇನ್ನೊಂದು. ಸಂಚಾಲಕರು ಉಳಿಸ್ಲಿಕ್ಕೆ ನೋಡಿದ್ದು ನನ್ನನ್ನಲ್ಲ ಮಾವ, ನನ್ನ ಅಗ್ಗವನ್ನು. ಎಂಟು ವರ್ಷದಲ್ಲಿ ಒಮ್ಮೆಯಾದರೂ ಸರ್ಕಾರಿ ಟೀಚರ್ ನೇಮಕದ ಪರೀಕ್ಷೆ ಬರೆ ಅಂತ ನೀವ್ಯಾರೂ ಹೇಳ್ಲಿಲ್ಲ. ಈಗ ಬರೀತೇನೆ. ವಯಸ್ಸಿನ ಮಿತಿಗೆ ಇದೇ ಕೊನೆಯ ಸಲ. ಅವಳ ಹತ್ತಿರ ಹಳೇ ಪ್ರಶ್ನೆಪತ್ರಿಕೆ ಎಲ್ಲ ಉಂಟು. ನಾನು ಅವಳಿಗೆ ಎಂಟನೇ ತರಗತಿ ಹೇಳಿಕೊಡ್ತೇನೆ, ಅವಳು ನನಗೆ ಪರೀಕ್ಷೆ ಹೇಳಿಕೊಡ್ತಾಳೆ."

ಅಲ್ಲಿಂದ ಮುಂದೆ ನನ್ನ ಹೊಟ್ಟೆಕಿಚ್ಚು ಹುದ್ದೆಯನ್ನು ಬಿಟ್ಟು ಬೇರೆ ಕಡೆ ತಿರುಗಿತು. ಈ ಮನೆಯಲ್ಲಿ ಗಣಿತ ಹೇಳಿಕೊಡುವವನು ನಾನು. ಹುಡುಗಿಗೆ ಮಗ್ಗಿಯಿಂದ ಹಿಡಿದು ಎಲ್ಲ ಹೇಳಿಕೊಟ್ಟವನು ನಾನು. ಭಾನುವಾರ ಆ ಟೀಚರ್ ನಮ್ಮ ಮನೆಗೇ ಬರತೊಡಗಿದಳು. ಇಬ್ಬರೂ ಊಟದ ಮೇಜಿನ ಮೇಲೆ ಕಾಗದ ಹರಡಿ ಕೂರುತ್ತಿದ್ದರು. ಮೊದಲ ಭಾನುವಾರ ಮುಖ ಕೊಡದಿದ್ದ ತಂಗಿ ಎರಡನೆಯ ಭಾನುವಾರ ಅವಳಿಗೆ ನೀರುದೋಸೆ ಬಡಿಸಿದಳು. ಒಂದು ಲೆಕ್ಕದ ಸುಲಭ ದಾರಿ ನನಗೆ ಗೊತ್ತಿತ್ತು. ಕೇಳಲಿ ಎಂದು ಕಾದು ಕುಳಿತೆ. ಕೇಳಲಿಲ್ಲ. ಪರೀಕ್ಷೆಯಲ್ಲಿ ಈಗ ಆ ದಾರಿ ಬೇಡವಂತೆ.

ಪರೀಕ್ಷೆ ಬಂಟ್ವಾಳದ ಕಾಲೇಜಿನಲ್ಲಿ, ಭಾನುವಾರ ಬೆಳಿಗ್ಗೆ. ಇಂಥ ಕಡೆಗೆಲ್ಲ ಅವಳನ್ನು ಕರೆದುಕೊಂಡು ಹೋಗುವುದು ನಾನೇ. ಇಸ್ತ್ರಿಯ ಅಂಗಿ, ಕೊಡೆ, ನೀರಿನ ಬಾಟಲಿ, ಎರಡು ಪೆನ್ನು ಎಲ್ಲ ಸಿದ್ಧವಾಗಿಟ್ಟು ಜಗಲಿಯಲ್ಲಿ ಕುಳಿತಿದ್ದೆ. ಗೇಟಿನ ಹತ್ತಿರ ಸ್ಕೂಟರಿನ ಹಾರ್ನ್ ಕೇಳಿತು.

"ಮಾವ, ನೀವು ಬಸ್ಸಿನಲ್ಲಿ ಸುಸ್ತಾಗ್ತೀರಿ, ಮನೆಯಲ್ಲೇ ಇರಿ," ಎಂದು ಹುಡುಗಿ ಪೆನ್ನು ಮಾತ್ರ ತೆಗೆದುಕೊಂಡು ಹಿಂದೆ ಕುಳಿತಳು. ಹೋದರು.

ನಾನು ಮನೆಯಲ್ಲೇ ಇರಲಿಲ್ಲ. ಬಸ್ಸು ಹತ್ತಿದೆ. ಮೂಡುಬಿದಿರೆಯಲ್ಲಿ ಬದಲಾಯಿಸಿ ಬಂಟ್ವಾಳ ಮುಟ್ಟುವಾಗ ಪರೀಕ್ಷೆ ಶುರುವಾಗಿತ್ತು. ಕಾಲೇಜಿನ ಗೇಟಿನ ಎದುರು ಮೋರಿಯ ಕಟ್ಟೆಯ ಮೇಲೆ ಆ ಟೀಚರ್ ಒಬ್ಬಳೇ ಕುಳಿತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

"ನಮಸ್ತೆ ಸರ್. ಬನ್ನಿ, ಇಲ್ಲಿ ನೆರಳುಂಟು."

ಕುಳಿತೆ. ನಡುವೆ ಕೊಡೆ ಇಟ್ಟುಕೊಂಡೆ. ಸುಮ್ಮನೆ ಕೂರುವುದು ನನಗೆ ಅಭ್ಯಾಸವಿಲ್ಲ.

"ಎಂಟನೆಯಲ್ಲಿ ಯಾವ ಅಧ್ಯಾಯ ನಡೀತಾ ಉಂಟು?"

ಹೇಳಿದಳು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಒಂದು ಅಧ್ಯಾಯ ಹಿಂದೆ. ನನ್ನ ಕಾಲದಲ್ಲಿ ಈ ಹೊತ್ತಿಗೆ ಮುಂದಿನದು ಶುರುವಾಗಿರುತ್ತಿತ್ತು, ನನ್ನ ಹುಡುಗಿಯ ಕಾಲದಲ್ಲೂ. ಸಂತೋಷವಾಯಿತು. ಎಷ್ಟೋ ತಿಂಗಳ ಮೇಲೆ ಆದ ಒಳ್ಳೆಯ ಸಂತೋಷ. ಕೊಡೆಯನ್ನು ನಡುವಿನಿಂದ ತೆಗೆದು ಈ ಕಡೆ ಇಟ್ಟೆ.

"ಹಿಂದೆ ಬಿದ್ದಿದ್ದೀರಿ," ಎಂದೆ.

"ಹೌದು ಸರ್. ಅಕ್ಕನೇ ಹೇಳಿದ್ದು, ಆ ಅಧ್ಯಾಯ ಓಡಿಸಬೇಡ, ನಾನು ಪ್ರತಿ ವರ್ಷ ಓಡಿಸಿ ಮತ್ತೆ ಮಾರ್ಚಿನಲ್ಲಿ ಹಿಂದೆ ಬಂದು ಕಲಿಸ್ತಿದ್ದೆ ಅಂತ. ಮಾವನಿಗೆ ಹೇಳಬೇಡ ಅಂದಿದ್ರು." ಹೇಳಿಬಿಟ್ಟೆನಲ್ಲ ಎಂದು ನಾಲಗೆ ಕಚ್ಚಿಕೊಂಡಳು.

ಒಳಗೆ ಗಂಟೆ ಬಾರಿಸಿತು. ಜನ ಹೊರಗೆ ಬರತೊಡಗಿದರು. ಎಲ್ಲ ವಯಸ್ಸಿನವರು, ಎಲ್ಲ ಕೆಟಗರಿಯವರು, ಎಲ್ಲರ ಕೈಯಲ್ಲೂ ಒಂದೇ ಬಣ್ಣದ ಪ್ರಶ್ನೆಪತ್ರಿಕೆ. ಹೊರಗೆ ಬಂದವರಲ್ಲಿ ಹೆಚ್ಚಿನವರು ಪಕ್ಕದವರ ಮುಖವನ್ನೇ ನೋಡುತ್ತಿದ್ದರು, ಇವನಿಗೆ ನನಗಿಂತ ಸುಲಭವಾಯಿತೇ ಎಂದು. ಆ ನೋಟ ನನಗೆ ಚೆನ್ನಾಗಿ ಗೊತ್ತು.

ನಮ್ಮ ಹುಡುಗಿ ಕೊನೆಯ ಗುಂಪಿನಲ್ಲಿ ಬಂದಳು. ಮುಖ ನೋಡಿ ಹೇಗೆ ಬರೆದಿದ್ದಾಳೆಂದು ಹೇಳುವ ಹಾಗಿರಲಿಲ್ಲ. ಬಿಸಿಲಿಗೆ ಕೈ ಅಡ್ಡ ಹಿಡಿದು ರಸ್ತೆಯ ಈಚೆಗೆ ನೋಡಿದಳು. ಟೀಚರ್ ಎದ್ದು ಕೈ ಬೀಸಿದಳು. ನಾನೂ ಎದ್ದು, ಕೊಡೆಯನ್ನು ಬಿಡಿಸಿ ಎತ್ತಿ ಹಿಡಿದೆ. ಟೀಚರಿಗಿಂತ ನಾನು ಮೊದಲು ಕಾಣಲಿ ಎಂದು.